ರಫೇಲ್ ಮಾಡುವವರಿಗೆ ಸಾಹುಕಾರರ ವಿಮಾನದ ಉಸಾಬರಿ ಯಾಕೆ? ದಸ್ಸೋ ಕಂಪನಿಯ ಕಥೆ

ಹದ್ದಿನಕಣ್ಣು
2025ರ ಜೂನ್‌ನಲ್ಲಿ, ಪ್ಯಾರಿಸ್ ಏರ್ ಶೋ ಹೊತ್ತಿಗೆ, ಒಂದು ಸುದ್ದಿ ಬಂತು. ರಫೇಲ್ ಯುದ್ಧವಿಮಾನ ಮಾಡುವ ದಸ್ಸೋ ಕಂಪನಿಯವರು ತಮ್ಮ ಫಾಲ್ಕನ್ 2000 ಬಿಸಿನೆಸ್ ಜೆಟ್ಟನ್ನು ನಾಗಪುರದಲ್ಲಿ ಜೋಡಿಸುತ್ತಾರಂತೆ, ಫ್ರಾನ್ಸಿನ ಹೊರಗೆ ಇದೇ ಮೊದಲಂತೆ, 2028ರ ಹೊತ್ತಿಗೆ ಮೊದಲ ವಿಮಾನ ಕೈಗೆ ಬರುತ್ತದಂತೆ. ಅವತ್ತು ಊಟದ ಹೊತ್ತಿನಲ್ಲಿ ಆಫೀಸಿನ ಗೆಳೆಯ ಕೇಳಿದ, "ರಫೇಲ್ ಮಾಡುವವರಿಗೆ ಈ ಸಾಹುಕಾರರ ವಿಮಾನದ ಉಸಾಬರಿ ಯಾಕೆ?" ಏನೋ ಹೇಳಿ ಜಾರಿಕೊಂಡೆ. ಆಮೇಲೆ ಕೂತು ಓದುತ್ತಾ ಹೋದ ಹಾಗೆ ಪ್ರಶ್ನೆಯೇ ತಲೆಕೆಳಗಾಗಿದೆ ಅನ್ನಿಸಿತು. ಸಾಹುಕಾರರ ವಿಮಾನ ಇಲ್ಲದಿದ್ದರೆ ರಫೇಲ್ ಇವತ್ತಿನವರೆಗೆ ಉಳಿಯುತ್ತಿತ್ತಾ? ನನಗೆ ಅನುಮಾನ. ಫಾಲ್ಕನ್ ದುಡಿದು ತಂದದ್ದನ್ನು ರಫೇಲ್ ಉಂಡಿತು, ಅದು ನನ್ನ ವಾದ. ಒಪ್ಪದವರು ಬನ್ನಿ, ಜಗಳವಾಡೋಣ. ರಾಜಕೀಯ ಮಾತ್ರ ಬೇಡ, ಆ ಗಲಾಟೆ ಟಿವಿಯಲ್ಲಿ ಬೇಕಾದಷ್ಟು ಆಗಿದೆ.

ಮೂರನೇ ಬೆಂಚು
ಮೊದಲು ಹೆಸರು ಸರಿ ಮಾಡಿ. ಪೇಪರ್‌ನಲ್ಲಿ ಡಸಾಲ್ಟ್ ಅಂತ ಬರೆಯುತ್ತಾರೆ. ನೀವು ದಸ್ಸೋ ಅನ್ನುತ್ತೀರಿ. ಯಾವುದು ಸರಿ?

ಹದ್ದಿನಕಣ್ಣು
ಫ್ರೆಂಚರ ಬಾಯಲ್ಲಿ ಕೊನೆಯ ಎಲ್ ಮತ್ತು ಟಿ ಎರಡೂ ಮಾಯ, ಹಾಗಾಗಿ ದಸ್ಸೋ. ಆದರೆ ಹೆಸರಿನ ಅಸಲಿ ಕಥೆ ಬೇರೆಯೇ ಇದೆ. ಕಂಪನಿ ಕಟ್ಟಿದ ಮಾರ್ಸೆಲ್ ಅವರು ಹುಟ್ಟಿದ್ದು 1892ರಲ್ಲಿ, ಪ್ಯಾರಿಸ್‌ನ ಯಹೂದಿ ಮನೆಯಲ್ಲಿ. ಆಗ ಅವರ ಹೆಸರು ಮಾರ್ಸೆಲ್ ಬ್ಲಾಕ್. ಮೊದಲ ಮಹಾಯುದ್ಧದಲ್ಲಿ ಅವರು ಮಾಡಿದ್ದು ವಿಮಾನವನ್ನಲ್ಲ, ಮರದ ಪ್ರೊಪೆಲ್ಲರನ್ನು. ಅದರ ಹೆಸರು ಎಕ್ಲೇರ್, ಅಂದರೆ ಮಿಂಚು. ಮೇಜು ಕುರ್ಚಿ ಮಾಡುವ ಬಡಗಿಗಳ ಕೈಲಿ ಅದನ್ನು ಕೆತ್ತಿಸಿದರು. ಯುದ್ಧ ಮುಗಿಯಿತು, ಆರ್ಡರ್‌ಗಳು ನಿಂತವು. ಸುಮಾರು ಹತ್ತು ವರ್ಷ ಮರದ ಸಾಮಾನು, ಮನೆ ಕಟ್ಟಿಸುವುದು ಅಂತ ಇದ್ದುಬಿಟ್ಟರು. ಫ್ರಾನ್ಸ್ ಪ್ರತ್ಯೇಕ ವಾಯುಯಾನ ಸಚಿವಾಲಯ ಮಾಡಿದ ಮೇಲೆ ವಿಮಾನಕ್ಕೆ ವಾಪಸ್ ಬಂದರು. 1936ರಲ್ಲಿ ಸರ್ಕಾರ ಕಾರ್ಖಾನೆಗಳನ್ನು ರಾಷ್ಟ್ರೀಕರಣ ಮಾಡಿತು.

ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರಿಗೆ ಕೆಲಸ ಮಾಡಿಕೊಡಲು ಒಪ್ಪಲಿಲ್ಲ. ಸೆರೆಯಾಯಿತು, 1944ರಲ್ಲಿ ಬೂಕನ್‌ವಾಲ್ಡ್ ಶಿಬಿರಕ್ಕೆ ಸಾಗಿಸಿದರು. ಅಲ್ಲಿ ಅವರನ್ನು ಕಾಪಾಡಿದ್ದು ಯಾರು ಗೊತ್ತಾ? ಕಮ್ಯುನಿಸ್ಟ್ ಕೈದಿಗಳು. ದೇಶದ ಅತಿ ಶ್ರೀಮಂತರಲ್ಲಿ ಒಬ್ಬರಾದ ಮೇಲೂ ಆ ಋಣ ಮರೆಯದೆ ಕಮ್ಯುನಿಸ್ಟ್ ಪತ್ರಿಕೆಗೆ ಹಣದ ಸಹಾಯ ಮಾಡಿದ ಮನುಷ್ಯ ಇವರು. 1945ರ ಏಪ್ರಿಲ್‌ನಲ್ಲಿ ಬಿಡುಗಡೆ. ಅವರ ಅಣ್ಣ ಸೇನೆಯಲ್ಲಿ ಜನರಲ್, ಭೂಗತ ಹೋರಾಟದಲ್ಲಿ 'ಶಾರ್ದಾಸೋ' ಅನ್ನುವ ಗುಪ್ತ ಹೆಸರು ಇಟ್ಟುಕೊಂಡಿದ್ದರು. ಫ್ರೆಂಚಿನಲ್ಲಿ 'ಶಾರ್ ದಾಸೋ' ಅಂದರೆ ಯುದ್ಧದ ಟ್ಯಾಂಕ್. ಅದರ ಬಾಲ ಹಿಡಿದು ಮನೆಯವರು ದಸ್ಸೋ ಆದರು. ವಿಮಾನದವರ ಹೆಸರು ಟ್ಯಾಂಕ್‌ನಿಂದ ಬಂದಿದೆ!

ಕಾಫಿ ಕಣಿವೆ
ಹೆಸರಿನ ವಿಷಯ ಬಂತಲ್ಲ, ಇವರ ವಿಮಾನಗಳ ಹೆಸರೂ ಚೆನ್ನ. ಊರಗಾನ್ ಅಂದರೆ ಚಂಡಮಾರುತ. ನಮ್ಮ ವಾಯುಪಡೆ 1953ರಲ್ಲಿ ಅದನ್ನು ತಂದು ತೂಫಾನಿ ಅಂತ ಕರೆದರು, ಅರ್ಥ ಕೆಡಲಿಲ್ಲ. ಮಿಸ್ಟೇರ್ ಅಂದರೆ ರಹಸ್ಯ. ಮಿರಾಜ್ ಅಂದರೆ ನಮ್ಮ ಬಿಸಿಲ್ಗುದುರೆ! ರಫೇಲ್ ಅಂದರೆ ಒಮ್ಮೆಲೇ ಬೀಸುವ ಗಾಳಿ.

ಇಲ್ಲಿ ಕೊಡಗಿನವಳಾಗಿ ಒಂದು ಮಾತು ಹೇಳಲೇಬೇಕು. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆ ಮೇಲೆ ದಾಳಿಗೆ ಹೋದದ್ದು ನಂಬರ್ 1 ಸ್ಕ್ವಾಡ್ರನ್ನಿನ ಮಿಸ್ಟೇರ್ 4ಎ ವಿಮಾನಗಳು. ಅದರಲ್ಲಿ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಇದ್ದರು. ಅವರದು ಸ್ಟ್ಯಾಂಡ್‌ಬೈ ವಿಮಾನ, ಯಾರಾದರೂ ಹಿಂದೆ ಸರಿದರೆ ಮಾತ್ರ ಹೋಗಬೇಕಿತ್ತು. ಹೋದರು. ಎದುರು ಬಂದದ್ದು ಪಾಕಿಸ್ತಾನದ ಕೈಲಿದ್ದ, ಶಬ್ದದ ಎರಡು ಪಟ್ಟು ವೇಗದ ಅಮೆರಿಕದ ಸ್ಟಾರ್‌ಫೈಟರ್. ಮಿಸ್ಟೇರ್‌ಗೆ ನೇರ ಹಾರಾಟದಲ್ಲಿ ಶಬ್ದದ ವೇಗವನ್ನೇ ದಾಟಲು ಆಗುವುದಿಲ್ಲ. ಓಡಿ ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ, ತಿರುಗಿ ನಿಂತರು. ಸ್ಟಾರ್‌ಫೈಟರ್ ಬಿತ್ತು, ಅದರ ಪೈಲಟ್ ಧುಮುಕಿ ಬದುಕಿದರು. ದೇವಯ್ಯ ಮರಳಲಿಲ್ಲ. ಎಷ್ಟೋ ವರ್ಷ ಇದು ನಮ್ಮವರಿಗೇ ತಿಳಿದಿರಲಿಲ್ಲ. ಮಹಾವೀರ ಚಕ್ರ ಬಂದದ್ದು 1988ರಲ್ಲಿ, 23 ವರ್ಷದ ಮೇಲೆ. ವಿಮಾನದ ಕಂಪನಿ ಅಂದರೆ ನಮ್ಮ ಕಡೆ ಮೊದಲು ನೆನಪಾಗುವುದು ಇದು, ಸಾಹುಕಾರರ ಜೆಟ್ ಅಲ್ಲ.

ಮೂರನೇ ಬೆಂಚು
ಇದು ಶಾಲೆಯಲ್ಲಿ ಯಾರೂ ಹೇಳಲಿಲ್ಲ ನಮಗೆ. ಥ್ಯಾಂಕ್ಸ್.

ಹದ್ದಿನಕಣ್ಣು
ಕಣಿವೆ ಅವರೇ, ನೀವು ಗೊತ್ತಿಲ್ಲದೆ ನನ್ನ ಮುಂದಿನ ಪೋಸ್ಟಿಗೆ ದಾರಿ ಮಾಡಿಕೊಟ್ಟಿರಿ. ಮೊದಲ ಫಾಲ್ಕನ್ನಿಗೆ ಫ್ರಾನ್ಸಿನಲ್ಲಿ ಇಟ್ಟ ಹೆಸರೂ ಮಿಸ್ಟೇರ್! ಮಿಸ್ಟೇರ್ 20. ಬಾರ್ಡೋ ಹತ್ತಿರದ ಮೆರಿನ್ಯಾಕ್‌ನಲ್ಲಿ 1963ರ ಮೇ 4ರಂದು ಮೊದಲ ಸಲ ಹಾರಿತು. ಆಗ ಅಮೆರಿಕದ ಪ್ಯಾನ್ ಆಮ್ ವಿಮಾನಯಾನ ಕಂಪನಿ ಮಾರುವುದಕ್ಕೆ ಒಂದು ಬಿಸಿನೆಸ್ ಜೆಟ್ ಹುಡುಕುತ್ತಿತ್ತು. ಹುಡುಕಲು ಬಂದವರು ಯಾರು ಅಂದರೆ ಚಾರ್ಲ್ಸ್ ಲಿಂಡ್‌ಬರ್ಗ್, 1927ರಲ್ಲಿ ಒಬ್ಬರೇ ಅಟ್ಲಾಂಟಿಕ್ ದಾಟಿದ ಅದೇ ಲಿಂಡ್‌ಬರ್ಗ್. ಮಿಸ್ಟೇರ್ ನೋಡಿದ್ದೇ ತಡ, ನಮ್ಮ ಹಕ್ಕಿ ಸಿಕ್ಕಿತು ಅಂತ ಮೇಲಿನವರಿಗೆ ತಂತಿ ಕಳಿಸಿದರು. ಪ್ಯಾನ್ ಆಮ್ 40 ವಿಮಾನಕ್ಕೆ ಆರ್ಡರ್ ಕೊಟ್ಟಿತು, ಇನ್ನೂ 120 ಬೇಕಾದರೆ ಕೊಳ್ಳುತ್ತೇವೆ ಅಂತ ಕಾದಿರಿಸಿತು. ಎಂಜಿನ್ ಬದಲಾಯಿಸಿ ಜನರಲ್ ಎಲೆಕ್ಟ್ರಿಕ್‌ನದು ಹಾಕಿಸಿದರು. ಹೆಸರೂ ಬದಲಾಯಿತು, ಅಮೆರಿಕದವರಿಗೆ ಫಾಲ್ಕನ್ ಆಯಿತು. ಗಿಡುಗ.

ಆಮೇಲಿನದು ನನಗೆ ತುಂಬಾ ಇಷ್ಟವಾದ ಭಾಗ. ಫೆಡೆಕ್ಸ್ ಗೊತ್ತಲ್ಲ, ಕೊರಿಯರ್ ಕಂಪನಿ. ಫ್ರೆಡ್ ಸ್ಮಿತ್ ಅದನ್ನು ಶುರು ಮಾಡಿದಾಗ ಅಮೆರಿಕದಲ್ಲಿ ದೊಡ್ಡ ಸರಕು ವಿಮಾನ ಓಡಿಸಬೇಕಾದರೆ ಯಾವ ಊರಿಂದ ಯಾವ ಊರಿಗೆ ಅಂತ ಸರ್ಕಾರದ ಅನುಮತಿ ಬೇಕಿತ್ತು. ಸಣ್ಣ ವಿಮಾನಕ್ಕೆ ಬೇಡ. ಸಣ್ಣದು ಅಂದರೆ 7,500 ಪೌಂಡ್‌ವರೆಗೆ ಸರಕು ಹೊರುವುದು. ಫಾಲ್ಕನ್ 20 ಆ ಗೆರೆಯ ಒಳಗೆ ಕೂತಿತು. ಸಾಹುಕಾರರ ಸೀಟು ಕಿತ್ತರು, ಪಕ್ಕಕ್ಕೆ ಅಗಲದ ಬಾಗಿಲು ಕೊರೆದರು. 1973ರ ಏಪ್ರಿಲ್ 17ರ ರಾತ್ರಿ ಮೆಂಫಿಸ್‌ನಿಂದ 14 ಫಾಲ್ಕನ್‌ಗಳು, 25 ಊರು, 186 ಪೊಟ್ಟಣ. ಹದಿನಾಲ್ಕು ಜೆಟ್ಟಿಗೆ 186 ಪೊಟ್ಟಣ, ಲೆಕ್ಕ ಹಾಕಿ! ಅದರಲ್ಲಿ ಒಂದು ವಿಮಾನ ಈಗ ಅಮೆರಿಕದ ಸ್ಮಿತ್ಸೋನಿಯನ್ ಮ್ಯೂಸಿಯಂನಲ್ಲಿದೆ. ಆಮೇಲೆ ಅಮೆರಿಕದ ಕೋಸ್ಟ್ ಗಾರ್ಡ್ 41 ಕೊಂಡಿತು, ಕಡಲ ಕಾವಲಿಗೆ. ಫ್ರೆಂಚ್ ವಾಯುಪಡೆ ಫಾಲ್ಕನ್ 20ರ ಮೂತಿಗೆ ಮಿರಾಜ್‌ನ ರೇಡಾರ್ ಹಾಕಿ ತನ್ನವರಿಗೆ ತರಬೇತಿ ಕೊಟ್ಟಿತು. ಅಂದರೆ 'ಸಾಹುಕಾರರ ವಿಮಾನ' ಅನ್ನುವ ಮಾತೇ ಅರ್ಧ ಸತ್ಯ.

ತೆರಿಗೆ ಕಟ್ಟುವವ
ಸ್ವಲ್ಪ ನಿಲ್ಲಿ ಸ್ವಾಮಿ. ಹೊಗಳಿಕೆ ಜಾಸ್ತಿ ಆಯಿತು. ಫಾಲ್ಕನ್ ದುಡಿಯಿತು, ರಫೇಲ್ ಉಂಡಿತು ಅಂದಿರಿ. ಫಾಲ್ಕನ್ ಹುಟ್ಟುವುದಕ್ಕೆ ಮೊದಲು ಆ ಮನೆಯಲ್ಲಿ ಒಲೆ ಉರಿಸಿದ್ದು ಯಾರು? ಫ್ರಾನ್ಸಿನ ತೆರಿಗೆದಾರ. ಮಿರಾಜ್ 3 ಮೊದಲು ಹಾರಿದ್ದು 1956ರಲ್ಲಿ. ಅಣುಬಾಂಬ್ ಹೊರುವ ಮಿರಾಜ್ 4 ಹಾರಿದ್ದು 1959ರಲ್ಲಿ, ಫ್ರೆಂಚ್ ಸರ್ಕಾರ 62 ಕೊಂಡಿತು. 1967ರ ಆರು ದಿನದ ಯುದ್ಧದಲ್ಲಿ ಇಸ್ರೇಲ್ ಮಿರಾಜ್ ಹಾರಿಸಿ ಗೆದ್ದಿತು, ಜಗತ್ತಿಗೆಲ್ಲ ಪುಕ್ಕಟೆ ಜಾಹೀರಾತು. ಅದೇ ಹೊತ್ತಿಗೆ ಫ್ರಾನ್ಸಿನ ಅಧ್ಯಕ್ಷ ಡಿ ಗಾಲ್ ಶಸ್ತ್ರ ಕೊಡಬಾರದು ಅಂದರು, ಇಸ್ರೇಲ್ ದುಡ್ಡು ಕೊಟ್ಟಿದ್ದ 50 ಮಿರಾಜ್ 5 ಫ್ರಾನ್ಸಿನಲ್ಲೇ ಉಳಿದವು. ವಿನ್ಯಾಸದ ಕೈಗಳು ಪಳಗಿದ್ದು, ಕಾರ್ಖಾನೆ ಎದ್ದದ್ದು, ಎಲ್ಲ ಈ ಹಣದಲ್ಲಿ. ಫಾಲ್ಕನ್ ಅದರ ಮೇಲೆ ಬೆಳೆದ ಬಳ್ಳಿ.

ಇನ್ನು ಜಾಣತನದ ಮಾತು. ಮರ್ಕ್ಯೂರ್ ಯಾಕೆ ಬಿಟ್ಟಿರಿ? 1971ರಲ್ಲಿ ಹಾರಿದ ದೊಡ್ಡ ಪ್ರಯಾಣಿಕ ವಿಮಾನ, ಸುಮಾರು 150 ಸೀಟು. ಬೋಯಿಂಗ್ 737ಕ್ಕೆ ಪೈಪೋಟಿ ಅಂತ ಹೊರಟದ್ದು. ಜನ ಹೆಚ್ಚಾಗಿ ಹತ್ತಿರದ ಊರಿಗೆ ಹೋಗುತ್ತಾರೆ ಅಂತ ಲೆಕ್ಕ ಹಾಕಿ ಹತ್ತಿರಕ್ಕೆ ಮಾತ್ರ ಹೋಗುವ ವಿಮಾನ ಮಾಡಿದರು. ಕೊಳ್ಳುವವರು ಒಂದೊಂದು ದಿನ ದೂರಕ್ಕೂ ಕಳಿಸಬೇಕಲ್ಲ! ಸಿಕ್ಕ ಗಿರಾಕಿ ಒಬ್ಬರೇ, ಫ್ರಾನ್ಸಿನದೇ ಏರ್ ಇಂಟರ್. ಕೊಂಡದ್ದು ಹತ್ತು. ಮಾದರಿಗಳೂ ಸೇರಿ ತಯಾರಾದದ್ದು ಹನ್ನೆರಡು. ಖರ್ಚಿನಲ್ಲಿ ಅರ್ಧಕ್ಕಿಂತ ಜಾಸ್ತಿ ಸರ್ಕಾರದ ಸಾಲ.

ಹದ್ದಿನಕಣ್ಣು
ಮರ್ಕ್ಯೂರ್ ಒಪ್ಪಿದೆ, ಅದು ಪೂರ್ತಿ ನೆಲಕಚ್ಚಿತು. ಆ ಹೊಡೆತದ ನಂತರ ಅವರು ದೊಡ್ಡ ವಿಮಾನದ ಸಹವಾಸಕ್ಕೇ ಹೋಗಲಿಲ್ಲ. ಬಿಸಿನೆಸ್ ಜೆಟ್ಟಿನಲ್ಲೇ ಆಳಕ್ಕೆ ಇಳಿದರು. 1976ರಲ್ಲಿ ಫಾಲ್ಕನ್ 50 ಬಂತು. ಮೂರು ಎಂಜಿನ್ ಯಾಕೆ ಅಂತ ಜನ ಕೇಳುತ್ತಾರೆ. ಆಗಿನ ನಿಯಮದಲ್ಲಿ ಬಾಡಿಗೆಗೆ ಪ್ರಯಾಣಿಕರನ್ನು ಒಯ್ಯುವ ಎರಡು ಎಂಜಿನ್ನಿನ ವಿಮಾನ ಕಡಲ ಮೇಲೆ ವಿಮಾನ ನಿಲ್ದಾಣದಿಂದ ಬಹಳ ದೂರ ಹೋಗುವ ಹಾಗಿರಲಿಲ್ಲ. ಮೂರಿದ್ದರೆ ಅಟ್ಲಾಂಟಿಕ್ ನೇರ ದಾಟಬಹುದು. ಒಂದು ನಿಂತರೂ ಎರಡು ಉಳಿಯುತ್ತವೆ, ಕೂತವರಿಗೂ ಧೈರ್ಯ.

ತೆರಿಗೆದಾರರ ಮಾತಿಗೆ ನನ್ನ ಉತ್ತರ ಅಂಕಿಯಲ್ಲಿ ಕೊಡುತ್ತೇನೆ. ರಫೇಲ್ ಮಾದರಿ ಮೊದಲು ಹಾರಿದ್ದು 1986ರ ಜುಲೈ 4ರಂದು. ಮಾರ್ಸೆಲ್ ಅದನ್ನು ನೋಡಲಿಲ್ಲ, ಅದೇ ಏಪ್ರಿಲ್‌ನಲ್ಲಿ 94ನೇ ವಯಸ್ಸಿಗೆ ಹೋದರು. ಹೊರದೇಶದ ಮೊದಲ ಗಿರಾಕಿ ಸಿಕ್ಕಿದ್ದು ಯಾವಾಗ? 2015ರಲ್ಲಿ, ಈಜಿಪ್ಟ್, 24 ವಿಮಾನ. ನಡುವೆ 29 ವರ್ಷ! ದಕ್ಷಿಣ ಕೊರಿಯಾದಲ್ಲಿ ಸೋತರು, ಸಿಂಗಪುರದಲ್ಲಿ ಸೋತರು. ಕಾರ್ಖಾನೆ ಮುಚ್ಚದಿರಲಿ ಅಂತ ಫ್ರಾನ್ಸ್ ವರ್ಷಕ್ಕೆ 11ರ ಆಸುಪಾಸು ಮಾಡಿಸಿಕೊಳ್ಳುತ್ತಿತ್ತು. ಅದೇ ಕಾಲದಲ್ಲಿ, 2010ರಲ್ಲಿ, ಫಾಲ್ಕನ್ ಎಷ್ಟು ಮಾರಾಟಕ್ಕೆ ಹೋದವು? 95. ಈಗ ಹೇಳಿ, ಸಂಬಳದ ದಿನ ಯಾರ ಕಡೆ ನೋಡುತ್ತಿದ್ದರು?

ತೆರಿಗೆ ಕಟ್ಟುವವ
95 ಅನ್ನುವುದನ್ನು ಹೇಳಿದಿರಿ. ಅದರ ಹಿಂದಿನ ವರ್ಷ ಹೇಳಲಿಲ್ಲ. 2008ರ ಹಣಕಾಸಿನ ಬಿಕ್ಕಟ್ಟು ಬಡಿದಾಗ, 2009ರಲ್ಲಿ, ಹೊಸ ಆರ್ಡರ್‌ಗಿಂತ ರದ್ದಾದ ಆರ್ಡರೇ ಜಾಸ್ತಿ. ಸಾಹುಕಾರರಿಗೆ ಶೀತ ಬಂದರೆ ಫಾಲ್ಕನ್ನಿಗೆ ಜ್ವರ. ಆಗ ಬೆನ್ನಿಗೆ ಸರ್ಕಾರದ ರಫೇಲ್ ಇತ್ತು. ಇನ್ನು ಫಾಲ್ಕನ್ 5ಎಕ್ಸ್? ಹೊಸ ಎಂಜಿನ್ ಹೇಳಿದ ಹೊತ್ತಿಗೆ ಬರಲೇ ಇಲ್ಲ, 2017ರ ಡಿಸೆಂಬರ್‌ನಲ್ಲಿ ಇಡೀ ಯೋಜನೆಯನ್ನೇ ಕೈಬಿಟ್ಟರು. ಬೇರೆ ಎಂಜಿನ್ ಹಾಕಿ 6ಎಕ್ಸ್ ಅಂತ ಮಾಡಿದರು, ಅದು ಸೇವೆಗೆ ಬಂದದ್ದು 2023ರ ಕೊನೆಯಲ್ಲಿ.

ಮಾವಿನಕೆರೆ ಮೆಕ್ಯಾನಿಕಲ್
ಇಬ್ಬರ ಜಗಳದ ನಡುವೆ ನನ್ನದೊಂದು. ಎಂಜಿನಿಯರಿಂಗ್ ಓದಿದ ಎಷ್ಟು ಜನ ಇದ್ದೀರಿ ಇಲ್ಲಿ? ಕ್ಯಾಟಿಯಾ ಅನ್ನುವ ಡಿಸೈನ್ ಸಾಫ್ಟ್‌ವೇರ್ ಕಲಿತಿದ್ದೀರಾ? ನಾನು ಕೊನೆಯ ವರ್ಷದಲ್ಲಿ ಒಂದು ತರಬೇತಿ ಕೇಂದ್ರಕ್ಕೆ ದುಡ್ಡು ಕಟ್ಟಿ ಕಲಿತೆ. ಇಪ್ಪತ್ತು ಕಂಪ್ಯೂಟರ್, ಅದರಲ್ಲಿ ಆರಕ್ಕೆ ಮೌಸ್ ಇಲ್ಲ. ಕೆಲಸ ಸಿಗಲು ಅದೇ ದಾರಿ ಆಯಿತು, ಹಾಗಾಗಿ ಬೈಯುವುದಿಲ್ಲ.

ವಿಷಯ ಏನಂದರೆ ಆ ಕ್ಯಾಟಿಯಾ ಹುಟ್ಟಿದ್ದು ಇದೇ ದಸ್ಸೋ ಮನೆಯಲ್ಲಿ. ವಿಮಾನದ ರೆಕ್ಕೆಯ ಬಾಗು ಕಾಗದದ ಮೇಲೆ ಬಿಡಿಸುವುದು ಕಷ್ಟ, ಬಿಡಿಸಿದ್ದನ್ನು ಯಂತ್ರದವನಿಗೆ ತಿಳಿಸುವುದು ಇನ್ನೂ ಕಷ್ಟ. ಹಾಗಾಗಿ 1977ರ ಹೊತ್ತಿಗೆ ತಮ್ಮ ಕೆಲಸಕ್ಕೆ ಅಂತಲೇ ಮೂರು ಆಯಾಮದಲ್ಲಿ ಬಿಡಿಸುವ ಸಾಫ್ಟ್‌ವೇರ್ ಬರೆದುಕೊಂಡರು. 1981ರಲ್ಲಿ ಅದಕ್ಕೆ ಬೇರೆ ಕಂಪನಿಯೇ ಆಯಿತು, ದಸ್ಸೋ ಸಿಸ್ಟಮ್ಸ್. ಮಾರಿಕೊಟ್ಟದ್ದು ಐಬಿಎಂ. ಆಮೇಲೆ ಬೋಯಿಂಗ್‌ನವರು 777 ವಿಮಾನವನ್ನೇ ಅದರಲ್ಲಿ ಬಿಡಿಸಿದರು. ಹುಬ್ಬಳ್ಳಿ, ದಾವಣಗೆರೆ, ಪೀಣ್ಯ, ಎಲ್ಲಿ ಹೋದರೂ ಬಾಗಿಲಿಗೆ ಕ್ಯಾಟಿಯಾ ಬೋರ್ಡ್. ನಮ್ಮ ಹುಡುಗರಿಗೆ ಅನ್ನ ಕೊಟ್ಟ ದಸ್ಸೋ ಫಾಲ್ಕನ್ನೂ ಅಲ್ಲ, ರಫೇಲೂ ಅಲ್ಲ. ಇದು ಮೂರನೇ ಮಗು!

ಹದ್ದಿನಕಣ್ಣು
ಇದನ್ನು ಮರೆತೇ ಬಿಟ್ಟಿದ್ದೆ. ಎರಡೂ ಕಡೆ ಒಂದೇ ಕೈ ಅನ್ನುವುದಕ್ಕೆ ಇದೇ ಸಾಕ್ಷಿ. 2005ರಲ್ಲಿ ಹಾರಿದ ಫಾಲ್ಕನ್ 7ಎಕ್ಸ್ ಅನ್ನು ಪೂರ್ತಿ ಕಂಪ್ಯೂಟರ್‌ನಲ್ಲೇ ಬಿಡಿಸಿದರು. ಅದರಲ್ಲಿ ಪೈಲಟ್ ಮುಂದೆ ದೊಡ್ಡ ಹ್ಯಾಂಡಲ್ ಇಲ್ಲ, ಫೈಟರ್‌ನಲ್ಲಿ ಇರುವ ಹಾಗೆ ಪಕ್ಕದಲ್ಲಿ ಚಿಕ್ಕ ಕೋಲು. ಪೈಲಟ್ ಕೈ ಆಡಿಸಿದ್ದು ಮೊದಲು ಕಂಪ್ಯೂಟರ್‌ಗೆ ಹೋಗುತ್ತದೆ, ಅದು ತಂತಿಯಲ್ಲಿ ರೆಕ್ಕೆಗೆ ಹೇಳುತ್ತದೆ. ಮಿರಾಜ್ 2000, ರಫೇಲ್‌ನಲ್ಲಿ ಪಳಗಿದ ವಿದ್ಯೆ ಅದು. ಬಿಸಿನೆಸ್ ಜೆಟ್ಟಿಗೆ ಮೊದಲು ತಂದವರು ಇವರೇ.

ವಿಮಾನಪುರ ಹಳಬ
ಬೆಂಗಳೂರು ಕಡೆಯಿಂದ ಒಂದಿಷ್ಟು ಸೇರಿಸುತ್ತೇನೆ. ನಮ್ಮ ತಂದೆ ಎಚ್‌ಎಎಲ್‌ನಲ್ಲಿ ಜಾಗ್ವಾರ್ ಲೈನಿನಲ್ಲಿ ಇದ್ದರು. ಜಾಗ್ವಾರ್ ಅನ್ನು ಎಲ್ಲರೂ ಬ್ರಿಟಿಷ್ ವಿಮಾನ ಅನ್ನುತ್ತಾರೆ. ಅರ್ಧ ಫ್ರೆಂಚ್ ಅದು, ಬ್ರೆಗೇ ಅನ್ನುವ ಹಳೇ ಕಂಪನಿಯದು. ಐಎನ್‌ಎಸ್ ವಿಕ್ರಾಂತ್ ಮೇಲೆ ಇದ್ದ ಅಲಿಜೇ ಕೂಡ ಬ್ರೆಗೇಯದೇ. 1967ರಲ್ಲಿ ಬ್ರೆಗೇ ದಸ್ಸೋ ಕೈಗೆ ಬಂತು, 1971ರಲ್ಲಿ ಎರಡೂ ಒಂದಾದವು. ಆಮೇಲೆ ದಸ್ಸೋದವರಿಗೆ ಜಾಗ್ವಾರ್ ಮಾರುವುದಕ್ಕಿಂತ ತಮ್ಮದೇ ಮಿರಾಜ್ ಎಫ್1 ಮಾರುವ ಆಸೆ. ಭಾರತಕ್ಕೂ ಎಫ್1 ತೋರಿಸಿದ್ದರು. ನಾವು ಬ್ರಿಟನ್ ಕಡೆಯಿಂದ ಜಾಗ್ವಾರ್ ತಗೊಂಡೆವು. ತಮಾಷೆ ನೋಡಿ, ತಮ್ಮ ಮನೆಯ ವಿಮಾನದ ಎದುರೇ ತಮ್ಮ ಇನ್ನೊಂದು ವಿಮಾನ ಸೋತಿತು.

ಪಾಕಿಸ್ತಾನಕ್ಕೆ ಎಫ್-16 ಬರುತ್ತದೆ ಅಂದಾಗ 1982ರಲ್ಲಿ ಮಿರಾಜ್ 2000ಕ್ಕೆ ಸಹಿ ಹಾಕಿದೆವು. 1985ರಿಂದ ಗ್ವಾಲಿಯರ್‌ಗೆ ಬಂದವು. ವಜ್ರ ಅಂತ ಹೆಸರು. ಕಾರ್ಗಿಲ್‌ನಲ್ಲಿ ಟೈಗರ್ ಹಿಲ್ ಮೇಲೆ ಲೇಸರ್ ಬಾಂಬ್ ಹಾಕಿದ್ದು ಅವೇ, 2019ರಲ್ಲಿ ಬಾಲಾಕೋಟ್‌ಗೆ ಹೋದದ್ದೂ ಅವೇ. ಅವುಗಳನ್ನು ಹೊಸ ಮಾಡುವ ಕೆಲಸ ಎಚ್‌ಎಎಲ್‌ಗೇ ಬಂತು, ನಮ್ಮ ತಾರಸಿ ಮೇಲಿಂದ ಅವು ಏರುವುದು ಇಳಿಯುವುದು ಕಾಣುತ್ತಿತ್ತು. ಅಮ್ಮ ಹಪ್ಪಳ ಒಣಗಿಸುತ್ತಾ ಸದ್ದಿನಲ್ಲೇ ಹೇಳುತ್ತಿದ್ದರು, ಇದು ಜಾಗ್ವಾರ್, ಇದು ಬೇರೆ.

ನಮ್ಮ ವಾಯುಪಡೆಗೆ 126 ಫೈಟರ್ ಕೊಳ್ಳಲು ಹೊರಟ ಕಥೆ ಸುಮ್ನೆ ಕೆದಕುವುದಿಲ್ಲ. 2012ರಲ್ಲಿ ರಫೇಲ್ ಗೆದ್ದಿತು, 18 ಸಿದ್ಧವಾಗಿ ಬಂದು 108 ಬೆಂಗಳೂರಿನಲ್ಲಿ ಆಗಬೇಕಿತ್ತು. ನಮ್ಮ ಬೀದಿಯಲ್ಲಿ ಆಗಲೇ ಮನೆ ಬಾಡಿಗೆ ಏರಿಸುವ ಮಾತು ನಡೆದಿತ್ತು! ಇಲ್ಲಿ ಆದ ವಿಮಾನಕ್ಕೆ ಯಾರು ಹೊಣೆ, ಎಷ್ಟು ತಾಸಿನ ಕೆಲಸ ಅನ್ನುವಲ್ಲಿ ಮಾತು ಸಿಕ್ಕಿಹಾಕಿಕೊಂಡಿತು. ಕೊನೆಗೆ 2016ರಲ್ಲಿ 36ಕ್ಕೆ ಸಹಿ ಆಯಿತು, ಎಲ್ಲ ಅಲ್ಲೇ ತಯಾರು.

ಗಾರೋನ್ ದಂಡೆ
ನಾನು ಕೆಲಸದ ಮೇಲೆ ಮೂರು ವರ್ಷದಿಂದ ಬಾರ್ಡೋದಲ್ಲಿದ್ದೇನೆ. ಮೆರಿನ್ಯಾಕ್ ವಿಮಾನ ನಿಲ್ದಾಣದ ಆಚೆ ದಸ್ಸೋ ಶೆಡ್ಡುಗಳು. ರಫೇಲ್ ಮತ್ತು ಫಾಲ್ಕನ್ ಎರಡನ್ನೂ ಕೊನೆಗೆ ಜೋಡಿಸುವುದು ಇಲ್ಲೇ. ಊರಿಗೆ ಬರಲು ವಿಮಾನ ಹತ್ತಿದಾಗ ಒಮ್ಮೆ ಕಿಟಕಿಯಿಂದ ಕಂಡಿತು, ಹಸಿರು ಮಿಶ್ರಿತ ಹಳದಿ ಬಣ್ಣದ, ಪೇಂಟ್ ಬಳಿಯದ ಒಂದು ಜೆಟ್ ಎಂಜಿನ್ ಓಡಿಸಿ ನೋಡುತ್ತಿತ್ತು. ಸ್ವಲ್ಪ ಹೊತ್ತಿಗೆ ಅದೇ ರನ್‌ವೇಯಲ್ಲಿ ರಫೇಲ್ ಎದ್ದು ಹೋಯಿತು, ಪಕ್ಕದ ಅಜ್ಜಿ ಕಿವಿ ಮುಚ್ಚಿಕೊಂಡರು. ಅಲ್ಲಿ ಕೆಲಸ ಮಾಡುವವರನ್ನು ಕೇಳಿದರೆ ಒಂದು ಕಡೆ ಕೆಲಸ ಕಮ್ಮಿಯಾದಾಗ ಇನ್ನೊಂದು ಕಡೆ ಕಳಿಸುವುದು ಹೊಸತೇನಲ್ಲ ಅನ್ನುತ್ತಾರೆ. ಈಗ ಕೈ ಸಾಲದಿರುವುದು ರಫೇಲ್ ಕಡೆ. 2024ರಲ್ಲಿ ಕೊಟ್ಟದ್ದು 31 ಫಾಲ್ಕನ್, 21 ರಫೇಲ್. ಕಾಯುತ್ತಿರುವ ರಫೇಲ್ ಆರ್ಡರ್ ಮಾತ್ರ ಇನ್ನೂರರ ಮೇಲೆ.

ತೆರಿಗೆ ಕಟ್ಟುವವ
ನೋಡಿದಿರಾ, ಮತ್ತೆ ಸರ್ಕಾರಗಳೇ ಸಾಕುತ್ತಿರುವುದು. ಈಗ ರಫೇಲ್ ದುಡಿಯುತ್ತಿದೆ, ಫಾಲ್ಕನ್ 10ಎಕ್ಸ್ ಮಾಡುವ ಖರ್ಚಿಗೆ ಧೈರ್ಯ ಬಂದದ್ದು ಎಲ್ಲಿಂದ?

ಹದ್ದಿನಕಣ್ಣು
ಸರಿ, ಅರ್ಧ ಸೋತೆ. 1963ಕ್ಕೆ ಮೊದಲು ನಿಮ್ಮ ಮಾತು ಸರಿ, 2015ರ ನಂತರವೂ ಸರಿ. ನಡುವಿನ ಐವತ್ತು ವರ್ಷ ನನಗೆ ಬಿಡಿ. ನಾಗಪುರದ ಲೆಕ್ಕವೂ ನನಗೆ ಈಗ ಬೇರೆ ಕಾಣುತ್ತಿದೆ. ಅಲ್ಲಿ 2017ರಲ್ಲಿ ಅಡಿಗಲ್ಲು ಬಿತ್ತು, ಶುರುವಿಗೆ ಫಾಲ್ಕನ್ 2000ದ ಮೂತಿಯ ಭಾಗ ಮಾತ್ರ ಮಾಡುತ್ತಿದ್ದರು. ಇತ್ತ ರಫೇಲ್‌ನ ಒಡಲಿನ ಭಾಗಗಳನ್ನು ಹೈದರಾಬಾದಿನಲ್ಲಿ ಟಾಟಾದವರು ಮಾಡುತ್ತಾರೆ ಅಂತ ಅದೇ 2025ರ ಜೂನ್‌ನಲ್ಲಿ ಘೋಷಣೆ ಆಯಿತು. ಎರಡು ಸುದ್ದಿ ಒಂದೇ ತಿಂಗಳು. ಮೆರಿನ್ಯಾಕ್‌ನಲ್ಲಿ ಕೈ ಸಾಲುತ್ತಿಲ್ಲ ಅನ್ನುವುದು ಅದರಲ್ಲೇ ಗೊತ್ತಾಗುತ್ತದೆ, ಅಲ್ವಾ?

ಕಾಫಿ ಕಣಿವೆ
ನನ್ನ ಕಡೆಯಿಂದ ಇನ್ನೊಂದೇ ಒಂದು. ದೇವಯ್ಯ ಅವರ ನಂಬರ್ 1 ಸ್ಕ್ವಾಡ್ರನ್ ಇದೆಯಲ್ಲ, ಟೈಗರ್ಸ್, ಅದಕ್ಕೆ ಆಮೇಲೆ ಸಿಕ್ಕಿದ್ದು ಮಿರಾಜ್ 2000. ಹಳಬರು ಹೇಳಿದ ಗ್ವಾಲಿಯರ್‌ನಲ್ಲೇ.

ವಿಮಾನಪುರ ಹಳಬ
ಹೌದು, ಬಾಲ ರೆಕ್ಕೆ ಮೇಲೆ ಹುಲಿ ಇರುವ ಫೋಟೋ ನಮ್ಮ ತಂದೆಯ ಪೆಟ್ಟಿಗೆಯಲ್ಲಿದೆ. ಸ್ಕ್ಯಾನ್ ಮಾಡಿ ಹಾಕುತ್ತೇನೆ.

ಹದ್ದಿನಕಣ್ಣು
ಹಾಕಿ, ಕಾಯುತ್ತೇನೆ. ಅಂದ ಹಾಗೆ ಈ ಚರ್ಚೆ ಪೂರ್ತಿ ಆಫೀಸಿನ ಗೆಳೆಯನಿಗೆ ತೋರಿಸಿದೆ. ಊಟ ಮಾಡುತ್ತಾ ಎಲ್ಲ ಓದಿದ. ಬಾಯಿ ಒರೆಸಿಕೊಂಡು, "ಹಂಗಾದ್ರೆ ಸೆಕೆಂಡ್ ಹ್ಯಾಂಡ್ ಫಾಲ್ಕನ್ ಎಷ್ಟಕ್ಕೆ ಸಿಗತ್ತೆ?" ಅಂದ.